ಕಟರ್ ಕೊಳ್ಳುವ ಮೊದಲು ಕೂರುವ ಭಂಗಿ ನೋಡಿ

ಇಂದು ರೋಟರಿ ಕಟರಿನ, ಅಂದರೆ ಬಟ್ಟೆಯ ಮೇಲೆ ಉರುಳಿಸಿ ಕೊಯ್ಯುವ ದುಂಡು ಅಲಗಿನ ಸಾಧನದ ಸರದಿ. ಕ್ವಿಲ್ಟಿಂಗ್ ತರಗತಿಗೆ ಹೋಗಿ ಬಂದ ಓದುಗರು ಹೆಚ್ಚಾಗಿ ಕೇಳುವುದು ಅಳತೆಯ ಪ್ರಶ್ನೆ. ಉತ್ತರ ಚಿಕ್ಕದು. ಮೊದಲ ಸಲ ಕೊಳ್ಳುವವರಿಗೆ 45 ಮಿ.ಮೀ. ಅಲಗು, ಬಳುಕುವ ಗೆರೆಗಳಿಗೆ 28, ದಪ್ಪ ಪದರಗಳಿಗೆ 60. ಹಿಡಿ ಬಿಟ್ಟೊಡನೆ ಅಲಗು ತಾನಾಗಿ ಒಳಗೆ ಸರಿಯುವಂಥದ್ದನ್ನೇ ಕೊಳ್ಳಿ, ಐವತ್ತು ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಸವೆದ ಅಲಗನ್ನು ಬರಿದೇ ಕಸಕ್ಕೆ ಹಾಕಬೇಡಿ. ಹಳೆಯ ತಗಡಿನ ಡಬ್ಬಿಯಲ್ಲಿಟ್ಟು, ಟೇಪು ಸುತ್ತಿ, ಮೇಲೆ ‘ಬ್ಲೇಡ್’ ಎಂದು ಬರೆದು ಕೊಡಿ. ಕಸ ಬೇರ್ಪಡಿಸುವವರ ಕೈಯೂ ಕೈಯೇ.

ಇಷ್ಟಕ್ಕೆ ಅಂಕಣ ಮುಗಿಸಬಹುದಿತ್ತು. ಆದರೆ ಅಳತೆಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾವ ತರಗತಿಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ನೀವು ಬಟ್ಟೆ ಕತ್ತರಿಸುವುದು ನಿಂತೋ, ನೆಲದ ಮೇಲೆ ಕೂತೋ?

ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ರೋಟರಿ ಕಟರನ್ನು ಮಾರುಕಟ್ಟೆಗೆ ತಂದಿತು. ಅದು ಅಮೆರಿಕದ ಕ್ವಿಲ್ಟ್ ಹೊಲಿಯುವವರ ಕೈ ಸೇರಿದ ಮೇಲೆ ಅಲ್ಲಿನ ಕೆಲಸದ ರೀತಿಯೇ ಬದಲಾಯಿತು. ರಟ್ಟಿನ ಅಚ್ಚಿಟ್ಟು, ಗೆರೆ ಎಳೆದು, ಒಂದೊಂದೇ ತುಂಡನ್ನು ಕತ್ತರಿಯಿಂದ ಬಿಡಿಸುತ್ತಿದ್ದವರು ನಾಲ್ಕಾರು ಪದರಗಳನ್ನು ಒಟ್ಟಿಗೆ ಪಟ್ಟಿ ಪಟ್ಟಿಯಾಗಿ ಕೊಯ್ಯತೊಡಗಿದರು. ಒಳ್ಳೆಯ ಉಪಕರಣ, ಅನುಮಾನವಿಲ್ಲ. ಆದರೆ ಅಲ್ಲಿನವರು ಅದನ್ನು ಹಿಡಿಯುವುದು ಸೊಂಟದೆತ್ತರದ ಮೇಜಿನ ಮುಂದೆ ನಿಂತು. ಭುಜದ ಭಾರ ನೆಟ್ಟಗೆ ತೋಳಿನಲ್ಲಿ ಇಳಿದು ಅಲಗಿಗೆ ಬರುತ್ತದೆ, ಅಲಗು ಮೈಯಿಂದ ಆಚೆಗೆ ಉರುಳುತ್ತದೆ, ಇನ್ನೊಂದು ಕೈ ಮೇಲಿನಿಂದ ಅಕ್ರಿಲಿಕ್ ಅಳತೆಪಟ್ಟಿಯನ್ನು ಅದುಮಿ ಹಿಡಿದಿರುತ್ತದೆ. ಈ ಮೂರೂ ಕೂಡಿದಾಗ ಮಾತ್ರ ಅದು ಸುರಕ್ಷಿತ.

ಚಕ್ಕಳಮಕ್ಕಳ ಹಾಕಿ ಕೂತವರಿಗೆ ಈ ಮೂರರಲ್ಲಿ ಒಂದೂ ದಕ್ಕುವುದಿಲ್ಲ. ಮುಂದೆ ಮಂಡಿ ಅಡ್ಡ ಬರುತ್ತದೆ, ತೋಳು ಪಕ್ಕದಿಂದ ಓರೆಯಾಗಿ ಎಳೆಯುತ್ತದೆ, ಪಟ್ಟಿಯ ಮೇಲಿನ ಕೈಗೆ ಭಾರ ಹಾಕಲು ಆಗುವುದಿಲ್ಲ. ಪಟ್ಟಿ ಕೂದಲೆಳೆಯಷ್ಟು ಜಾರಿದರೂ ಅಲಗು ಅದರ ಮೇಲೆ ಹತ್ತಿ ಬೆರಳ ತುದಿಗೆ ಬರುತ್ತದೆ. ಸಾಲದ್ದಕ್ಕೆ ಬಟ್ಟೆಯ ಕೆಳಗೆ ಹಾಸುವ ಕಟಿಂಗ್ ಮ್ಯಾಟಿನ ಕಷ್ಟ. ಬಿಸಿಲು ಬೀಳುವಲ್ಲಿ ಬಿಟ್ಟರೆ ಅದು ಸೊಟ್ಟಗಾಗುತ್ತದೆ, ಸೊಟ್ಟಗಾದ ಮ್ಯಾಟಿನ ಮೇಲೆ ಅಲಗು ನೆಟ್ಟಗೆ ಓಡುವುದಿಲ್ಲ. ಕಲಬುರಗಿಯ ಏಪ್ರಿಲ್ ತಿಂಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯ ಮಾತಂತೂ ಬೇಡವೇ ಬೇಡ. ಹಾಗಾಗಿ ನನ್ನ ತೀರ್ಮಾನ ಇದು: ಎತ್ತರದ ಮೇಜಿದ್ದರೆ ರೋಟರಿ ಕಟರ್ ಕೊಳ್ಳಿ, ನೆಲದ ಮೇಲೆ ಕೂತು ಹೊಲಿಯುವವರಾದರೆ ಬೇಡ, ಬಟ್ಟೆಯನ್ನು ಕೈಯಿಂದ ಸೀಳಿ, ಉಳಿದದ್ದಕ್ಕೆ ಕತ್ತರಿ ಹಿಡಿಯಿರಿ.

ಇಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಮಾಡುವುದಿದೆ. ಕೈಯಿಂದ ಬಟ್ಟೆ ಸೀಳುವುದು ಒರಟು ಕೆಲಸ, ಕೌದಿಯನ್ನೂ ರೋಟರಿ ಕಟರಿನಿಂದಲೇ ಕತ್ತರಿಸಬೇಕು ಎಂದು ಕಲಿಸುವ ಪಂಗಡವೊಂದು ನಗರಗಳಲ್ಲಿ ಬೆಳೆದಿದೆ. ಅವರ ವಾದಕ್ಕೆ ಬುಡವಿದೆ, ಆದರೆ ಆ ಬುಡ ಇರುವುದು ಬೇರೆ ಕಲೆಯಲ್ಲಿ. ಅಮೆರಿಕದ ಚೌಕ ಜೋಡಣೆಯಲ್ಲಿ ಹೊಲಿಗೆಗೆ ಬಿಡುವ ಅಂಚು ಬರೀ ಕಾಲು ಇಂಚು. ಒಂದು ತುಂಡು ನೂಲಿನಷ್ಟು ತಪ್ಪಿದರೆ ಹತ್ತು ತುಂಡು ಕೂಡುವ ಹೊತ್ತಿಗೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಸೀಳಿದ ಅಂಚು ಹಿಂಜಿಕೊಂಡು ಸ್ವಲ್ಪ ಅಲೆಯಾಗುವುದರಿಂದ ಅಲ್ಲಿ ಅದು ನಡೆಯದು. ನಮ್ಮ ಕೌದಿಯಲ್ಲಿ ತೇಪೆಯ ಅಂಚನ್ನು ಒಳಗೆ ಮಡಚಿ, ಕೆಳಗಿನ ಸೀರೆಗೆ ಒತ್ತಿ, ಮೇಲೆ ಸಾಲು ಹೊಲಿಗೆ ಹಾಕುತ್ತೇವೆ. ಹಿಂಜಿದ ನೂಲು ಮಡಿಕೆಯೊಳಗೆ ಅಡಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಕಲೆಯ ನಿಯಮ ಇನ್ನೊಂದಕ್ಕೆ ದೋಷವಾಗುವುದು ಹೀಗೆ.

ಸೀಳುವುದಕ್ಕೂ ವಿದ್ಯೆ ಇದೆ. ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಬದಿ ಹಿಡಿದು ಎಳೆದರೆ ಹತ್ತಿಯ ಸಾದಾ ನೇಯ್ಗೆಯಲ್ಲಿ ಸೀಳು ಒಂದೇ ಎಳೆಯ ಗುಂಟ ಓಡುತ್ತದೆ. ಹಾಸಿಗೂ ಹೊಕ್ಕಿಗೂ ಅಷ್ಟು ನಿಷ್ಠವಾದ ಗೆರೆಯನ್ನು ಯಾವ ಪಟ್ಟಿಯೂ ಎಳೆದುಕೊಡಲಾರದು. ಬಟ್ಟೆಯ ಆಯುಷ್ಯವನ್ನು ಅಳೆಯುವುದಕ್ಕೂ ಇದೇ ಒರೆಗಲ್ಲು. ಎಳೆದೊಡನೆ ಸದ್ದಿಲ್ಲದೆ ಬಿಟ್ಟುಕೊಟ್ಟರೆ, ಅಥವಾ ಸೀಳು ನಡುವೆ ದಾರಿ ತಪ್ಪಿದರೆ, ಆ ಬಟ್ಟೆ ಮೇಲಿನ ಪದರಕ್ಕೆ ಆಗದು, ಒಳಗೆ ತುಂಬಲು ಇರಲಿ. ಸೀರೆಯ ಗಟ್ಟಿ ಅಂಚನ್ನು ಮೊದಲು ಕತ್ತರಿಯಿಂದ ಬೇರೆ ಮಾಡಿ, ಒಡಲನ್ನು ಆಮೇಲೆ ಸೀಳಿ. ಇಳಕಲ್ ಸೀರೆಯಲ್ಲಿ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಸಾಲಿನ ಹತ್ತಿರ ಎಳೆಯಬೇಡಿ, ಎರಡು ಬೆರಳಿನಷ್ಟು ಈಚೆಗೆ ಕತ್ತರಿ ಹಾಕಿ. ಪಾಲಿಯೆಸ್ಟರ್ ಸೀರೆ ಹೀಗೆ ಸೀಳುವುದಿಲ್ಲ, ಕತ್ತರಿಯಲ್ಲೂ ಜಾರುತ್ತದೆ. ಅದಕ್ಕೆ ಅಲಗಿನಲ್ಲಿ ಸಣ್ಣ ಹಲ್ಲುಗಳಿರುವ ಕತ್ತರಿ ಬೇಕು.

ಸೀಳುವ ಮಾತು ಬಂದ ಮೇಲೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ನೆನೆಯದೆ ಮುಂದೆ ಹೋಗಲಾರೆ. ನನ್ನ ಮಟ್ಟಿಗೆ ಈ ಕಲೆಯ ಅಭಿಜಾತ ಕೃತಿ ಎಂದರೆ ಅದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಅದು ಹುಟ್ಟುವ ಬಗೆ ನೋಡಿ. ಅಡಿಗೆ ಒಂದು ಹಳೆಯ ಸೀರೆ. ಒಂದು ಮೂಲೆಯಿಂದ ತೇಪೆ ಹಚ್ಚಲು ಶುರು, ಅಲ್ಲಿಂದ ಅಂಚಿನ ಗುಂಟ ಸುತ್ತು, ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು, ಹೀಗೆ ನಡುಮಧ್ಯ ಮುಟ್ಟುವವರೆಗೆ. ಮೊದಲೇ ಕತ್ತರಿಸಿಟ್ಟ ತುಂಡುಗಳ ರಾಶಿ ಅಲ್ಲಿಲ್ಲ, ನಕ್ಷೆಯೂ ಇಲ್ಲ. ಸೂಜಿ ಎಲ್ಲಿಗೆ ಬಂದಿದೆಯೋ ಅಲ್ಲಿನ ಜಾಗಕ್ಕೆ ತಕ್ಕ ಚಿಂದಿಯನ್ನು ಆರಿಸಿ, ಹೆಚ್ಚಾದದ್ದನ್ನು ಆಗಲೇ ತೆಗೆದು, ಅಂಚು ಮಡಚಿ ಹೊಲಿಯುತ್ತಾರೆ. ಕಡೆಗೆ ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲಾ’, ಅಂದರೆ ಹೂವು. ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂದೇ ಅವರ ಭಾವನೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಅರ್ಧಚಂದ್ರ ಬರುವುದೂ ಉಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿ ಬರೆದಿದ್ದಾರೆ, ಅಮೆರಿಕದಲ್ಲಿ ಇವು ಪ್ರದರ್ಶನಗೊಂಡಿವೆ. ಆ ಬಣ್ಣಗಳ ಲಯವನ್ನು ಕಂಡವರು ಅಳತೆಪಟ್ಟಿಯ ಕೊರತೆ ಇತ್ತು ಎಂದು ಹೇಳಲಾರರು.

ಇಂಥ ಕೌದಿಗೆ ಎರಡು ಕತ್ತರಿ ಸಾಕು. ದಾರಕ್ಕೆ ಮತ್ತು ಸಣ್ಣ ತುಂಡುಗಳಿಗೆ ನಾಲ್ಕು ಇಂಚಿನದೊಂದು, ಮೊನೆ ಮೊಂಡಾದದ್ದು. ಕೌದಿಯ ಮಡಿಕೆಗಳಲ್ಲಿ ಕತ್ತರಿ ಕಳೆದುಹೋಗುವುದು, ಅದರ ಮೇಲೆಯೇ ಯಾರೋ ಕೂರುವುದು ಎಲ್ಲ ಮನೆಗಳ ಕತೆ. ಹಿಡಿಗೆ ಒಂದು ಮೊಳ ಕೆಂಪು ಪಟ್ಟಿ ಕಟ್ಟಿ, ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ.

ದೊಡ್ಡದು ಎಂಟು ಇಂಚಿನದಿರಲಿ. ಹತ್ತು, ಹನ್ನೆರಡು ಇಂಚಿನವು ಸೂಟಿನ ದಪ್ಪ ಬಟ್ಟೆ ಕತ್ತರಿಸುವ ಟೇಲರ್ ಮಾಸ್ತರರಿಗೆ ಸರಿ, ನಮ್ಮ ಕೆಲಸಕ್ಕೆ ಮಣಿಕಟ್ಟು ಸೋಲುತ್ತದೆ. ಹಿಡಿ ಮೇಲಕ್ಕೆ ಬಾಗಿರಲೇಬೇಕು. ಆಗ ಕೆಳಗಿನ ಅಲಗು ನೆಲಕ್ಕೆ ಒರಗಿಕೊಂಡೇ ಸಾಗುತ್ತದೆ, ಬಟ್ಟೆ ಏಳುವುದಿಲ್ಲ, ಕತ್ತರಿಯ ಭಾರವನ್ನು ಕೈಯ ಬದಲು ನೆಲ ಹೊರುತ್ತದೆ. ಮೀರತ್‌ನ ಕತ್ತರಿಗಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹಳೆಯ ಗುಜರಿ ಉಕ್ಕಿನಿಂದ ಕೈಯಲ್ಲೇ ಮಾಡುವ ಅವನ್ನು ಮತ್ತೆ ಮತ್ತೆ ಸಾಣೆ ಹಿಡಿಸಬಹುದು, ಬಾಳಿಕೆಗೆ ಸಾಟಿಯಿಲ್ಲ. ಫಿನ್ಲೆಂಡಿನ ಫಿಸ್ಕರ್ಸ್ 1967ರಲ್ಲಿ ತಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಕತ್ತರಿ ಹಗುರ, ಕೈಗೆ ಮೆತ್ತಗೆ ಕೂರುತ್ತದೆ. ಗಂಟು ನೋವಿರುವವರಿಗೆ ಎರಡನೆಯದೇ ವಾಸಿ. ಲೋಹದ ಹಿಡಿ ಒತ್ತಿ ಹೆಬ್ಬೆರಳು ಜುಮ್ಮೆಂದರೆ ಉದಾಸೀನ ಮಾಡಬೇಡಿ, ಅಲ್ಲಿ ನರ ಚರ್ಮಕ್ಕೆ ತೀರಾ ಹತ್ತಿರ ಹಾಯುತ್ತದೆ. ಸೀಳಿದ ಹತ್ತಿಯ ಪಟ್ಟಿಯನ್ನು ಹಿಡಿಗೆ ಬಿಗಿಯಾಗಿ ಸುತ್ತಿಕೊಳ್ಳಿ. ಬೆರಳು ಬಿಗಿಯಾಗುವಷ್ಟು ಸಣ್ಣ ಉಂಗುರವಿದ್ದರೆ ಕತ್ತರಿಯನ್ನೇ ಬದಲಿಸಿ.

ಕೊಳ್ಳುವಾಗ ತೆಳು ವಾಯಿಲ್ ತುಂಡೊಂದನ್ನು ಅಂಗಡಿಗೆ ಒಯ್ಯಿರಿ. ಬುಡದಿಂದ ಮೊನೆಯವರೆಗೆ ಕತ್ತರಿಸಿ ನೋಡಿ, ಮೊನೆಯ ಹತ್ತಿರ ಬಟ್ಟೆ ಅಗಿದರೆ ಬೇಡ ಅನ್ನಿ. ಸಾಣೆಯವರಿಗೆ ಕೊಡುವಾಗ ಅಲಗಿನ ಹೊರಗಿನ ಇಳಿಜಾರನ್ನು ಮಾತ್ರ ಉಜ್ಜಲು ಹೇಳಿ. ಒಳಮೈಗೆ ಇರುವ ಸಣ್ಣ ತಗ್ಗನ್ನು ಉಜ್ಜಿ ಸಮ ಮಾಡಿದರೆ ಎರಡು ಅಲಗು ಮತ್ತೆ ಸರಿಯಾಗಿ ಕೂಡುವುದಿಲ್ಲ, ಕತ್ತರಿ ಕೆಟ್ಟಿತೆಂದೇ ಲೆಕ್ಕ.

ಇನ್ನು ಎಡಗೈಯವರ ವಿಷಯ. ಬಲಗೈ ಮುಚ್ಚುವಾಗ ಹೆಬ್ಬೆರಳು ಆಚೆಗೆ ತಳ್ಳಿ ಬೆರಳುಗಳು ಈಚೆಗೆ ಎಳೆದು, ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಅಲಗುಗಳು ಅಗಲುತ್ತವೆ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ, ಗುರುತಿನ ಗೆರೆ ಮೇಲಿನ ಅಲಗಿನ ಮರೆಗೆ ಹೋಗುತ್ತದೆ. ಎಡಗೈಯವರ ಕೈ ನೋಯುವುದು, ತುಂಡು ಸೊಟ್ಟಗಾಗುವುದು ಅವರ ತಪ್ಪಲ್ಲ. ಹಿಡಿಯನ್ನು ಎರಡೂ ಕೈಗೆ ಒಗ್ಗುವಂತೆ ಮಾಡಿದರೆ ಸಾಲದು, ಅಲಗುಗಳೇ ತಿರುಗುಮುರುಗಾಗಿ ಕೂತಿರಬೇಕು. ನಿಮ್ಮ ಮನೆಯಲ್ಲಿ ಎಡಚ ಮಗು ಸೂಜಿ ಹಿಡಿಯಲು ಕಲಿಯುತ್ತಿದ್ದರೆ, ಬಲಗೈ ಬಳಸು ಎಂದು ಗದರಿಸುವ ಮೊದಲು ಎಡಗೈ ಕತ್ತರಿಯೊಂದನ್ನು ತರಿಸಿಕೊಡಿ.