ಡಾನಾ ಕಾರ್ವಿಯ ಅಣಕು ಕಲೆ

ಅಣಕಕ್ಕೆ ದನಿಯೊಂದೇ ಸಾಲದು, ಮೈಯೆಲ್ಲ ಮಾತಾಡಬೇಕು. ಅದನ್ನು ಮಾಡಿ ತೋರಿಸಿದವರು ಅಮೆರಿಕದ ಹಾಸ್ಯನಟ ಡಾನಾ ಕಾರ್ವಿ. 1986ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿ.ವಿ. ಹಾಸ್ಯ ಕಾರ್ಯಕ್ರಮದ ತಂಡ ಸೇರಿದ ಅವರನ್ನು ಮನೆಮಾತಾಗಿಸಿದ್ದು ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅವರ ಅಣಕ.

ಬುಷ್ ಸುಲಭಕ್ಕೆ ಸಿಗುವ ಆಸಾಮಿಯಲ್ಲ. ಎದ್ದು ಕಾಣುವ ವಿಚಿತ್ರವೇನೂ ಅವರಲ್ಲಿರಲಿಲ್ಲ. ಮಕ್ಕಳ ಟಿ.ವಿ. ಕಾರ್ಯಕ್ರಮದ ಮಿಸ್ಟರ್ ರಾಜರ್ಸ್ ಅವರ ಮೆದುದನಿಗೆ ಸಿನಿಮಾ ನಟ ಜಾನ್ ವೇನ್ ಅವರ ಗತ್ತನ್ನು ಬೆರೆಸಿದಾಗಲೇ ಕಾರ್ವಿಗೆ ಎಳೆ ಸಿಕ್ಕಿದ್ದು. ಕಣ್ಣು ಕಿರಿದು ಮಾಡಿ, ಕೈಗಳಿಂದ ಗಾಳಿಯನ್ನು ಕತ್ತರಿಸುತ್ತ, ತೋರುಬೆರಳನ್ನು ಎತ್ತಲೋ ಚಾಚಿ, ಅರ್ಧ ವಾಕ್ಯವನ್ನು ನುಂಗಿಬಿಡುತ್ತಿದ್ದರು. ಪದಗಳು ಕರಗಿ ಬರೀ ಲಯ ಉಳಿದರೂ ಜನ ಬುಷ್ ಅವರನ್ನೇ ಕಾಣುತ್ತಿದ್ದರು. 1992ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಸ್ವತಂತ್ರ ಅಭ್ಯರ್ಥಿ ರಾಸ್ ಪೆರೋ ಅವರನ್ನು ಅಣಕಿಸಿದವರೂ ಕಾರ್ವಿಯೇ.

ಆ ಚುನಾವಣೆಯಲ್ಲಿ ಸೋತ ಬುಷ್, ಮಂಕಾಗಿದ್ದ ಸಿಬ್ಬಂದಿಯನ್ನು ನಗಿಸಲು ಶ್ವೇತಭವನಕ್ಕೆ ಕರೆಸಿದ್ದು ಕಾರ್ವಿಯನ್ನೇ. ಅವರಿಬ್ಬರ ಸ್ನೇಹ ಮುಂದೆಯೂ ಉಳಿಯಿತು. 2024ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ವೇದಿಕೆಗೆ ಮರಳಿದ ಕಾರ್ವಿ ಜೋ ಬೈಡನ್ ಆಗಿ ಮತ್ತೆ ನಗಿಸಿದರು.

ಕಾರ್ವಿ ಕುಟುಕಿದರು, ಆದರೆ ಯಾರನ್ನೂ ಕೀಳು ಮಾಡಲಿಲ್ಲ. ರಾಜಕೀಯ ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.