ನೆರಳಲ್ಲಿ ಕೂತ ತಂದೆ

ಕೆಂಪು ಬಟ್ಟೆ ಹಾಸಿದ ಮೇಜು. ಅದರ ಮೇಲೊಂದು ಹೊಲಿಗೆಯ ಬುಟ್ಟಿ. ಬುಟ್ಟಿಯಲ್ಲಿ ಅರ್ಧಕ್ಕೇ ಬಿಟ್ಟ ಬಟ್ಟೆ, ನೂಲಿನ ಉಂಡೆ, ಕತ್ತರಿ. ಹತ್ತಿರದಲ್ಲೇ ಒಂದು ಖಾಲಿ ಕುರ್ಚಿ. ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ದಾವೀದನ ‘ಬ್ರೂಟಸ್’ ಚಿತ್ರದ ನಡುಭಾಗದಲ್ಲಿ ಇರುವುದು ಇಷ್ಟೇ. ಮೂರು ಮೀಟರಿಗೂ ಹೆಚ್ಚು ಎತ್ತರ, ನಾಲ್ಕು ಮೀಟರಿಗೂ ಹೆಚ್ಚು ಅಗಲದ ಈ ಕ್ಯಾನ್ವಾಸು ಹೇಳುವುದು ರೋಮಿನ ಇತಿಹಾಸದ ಒಂದು ಘೋರ ಪ್ರಸಂಗವನ್ನು. ಅಂಥಲ್ಲಿ ನಾಯಕ ನಿಲ್ಲಬೇಕಾದ ಜಾಗವನ್ನು ದಾವೀದ್ ಮನೆಗೆಲಸದ ಬುಟ್ಟಿಗೆ ಬಿಟ್ಟುಕೊಟ್ಟ. ನನ್ನ ಮಟ್ಟಿಗೆ ಅವನ ಇಡೀ ಬದುಕಿನ ಅತ್ಯುತ್ತಮ ನಿರ್ಧಾರ ಇದು. ಮುಂದೆ ಅವನು ಇನ್ನೂ ಪ್ರಸಿದ್ಧ ಚಿತ್ರಗಳನ್ನು ಬರೆದ. ಇಷ್ಟು ಪ್ರಾಮಾಣಿಕವಾದದ್ದನ್ನು ಮತ್ತೆ ಬರೆಯಲಿಲ್ಲ.

ಈ ಬ್ರೂಟಸ್ ಸೀಸರನನ್ನು ಇರಿದವನಲ್ಲ. ಅವನಿಗಿಂತ ನಾಲ್ಕೂವರೆ ಶತಮಾನ ಹಿಂದಿನವನು. ಲೂಸಿಯಸ್ ಜೂನಿಯಸ್ ಬ್ರೂಟಸ್ ರೋಮಿನಿಂದ ಟಾರ್ಕ್ವಿನ್ ರಾಜನನ್ನು ಓಡಿಸಿ ಗಣರಾಜ್ಯ ಕಟ್ಟಿದ ಎಂಬುದು ಪ್ರತೀತಿ. ಅವನ ಇಬ್ಬರು ಗಂಡುಮಕ್ಕಳು, ಟೈಟಸ್ ಮತ್ತು ಟೈಬೀರಿಯಸ್, ಅದೇ ರಾಜನನ್ನು ಮರಳಿ ತರುವ ಒಳಸಂಚಿಗೆ ಸೇರಿದರು. ತಂದೆಯೇ ಅವರಿಗೆ ಮರಣದಂಡನೆ ವಿಧಿಸಿದ, ಶಿಕ್ಷೆ ಜಾರಿಯಾಗುವುದನ್ನು ನಿಂತು ನೋಡಿದ. ಈ ಕಥೆಯನ್ನು ಚಿತ್ರಿಸುವ ಬೇರೆ ಯಾರಾದರೂ ತೀರ್ಪಿನ ಗಳಿಗೆಯನ್ನೋ ಕೊಡಲಿ ಬೀಳುವ ಗಳಿಗೆಯನ್ನೋ ಆರಿಸಿಕೊಳ್ಳುತ್ತಿದ್ದರು. ದಾವೀದ್ ಆರಿಸಿದ್ದು ಎಲ್ಲ ಮುಗಿದ ಮೇಲಿನ ಹೊತ್ತನ್ನು. ಬ್ರೂಟಸ್ ಮನೆಗೆ ಬಂದು ಕೂತಿದ್ದಾನೆ. ಹಿಂದೆಯೇ ಭಟರು ಮಕ್ಕಳ ಹೆಣಗಳನ್ನು ಹೊತ್ತು ತರುತ್ತಿದ್ದಾರೆ.

ಎಡಬದಿಯನ್ನು ಹತ್ತಿರದಿಂದ ನೋಡಬೇಕು. ರೋಮಾ ದೇವಿಯ ವಿಗ್ರಹದ ಕೆಳಗೆ, ಅದರದೇ ನೆರಳಿನಲ್ಲಿ ಬ್ರೂಟಸ್ ಕೂತಿದ್ದಾನೆ. ಮುಖವನ್ನು ದಾವೀದ್ ರೋಮಿನ ಕ್ಯಾಪಿಟೋಲಿನ್ ಬೆಟ್ಟದ ಸಂಗ್ರಹದಲ್ಲಿರುವ ಪ್ರಾಚೀನ ಕಂಚಿನ ತಲೆಯಿಂದ ತೆಗೆದುಕೊಂಡ. ಹಾಗಾಗಿ ಅದರಲ್ಲಿ ಲೋಹದ ಬಿಗುವಿದೆ. ಆ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಕಾಲುಗಳನ್ನು ನೋಡಿ. ಒಂದರ ಮೇಲೊಂದು ಹೆಣೆದುಕೊಂಡಿವೆ, ಬೆರಳುಗಳು ಒಳಕ್ಕೆ ಮಡಚಿ ಬಿಗಿದಿವೆ. ಕೈಯಲ್ಲಿ ಸಂಚಿನ ಸಾಕ್ಷಿಯಾದ ಕಾಗದ. ಮುಖ ಆಳುವವನದು, ಕಾಲು ಅಪ್ಪನದು. ಅಳುವ ತಂದೆಯನ್ನು ಬರೆಯುವುದು ಕಷ್ಟವಲ್ಲ. ಅಳು ಬರಿಸಿಕೊಳ್ಳದೆ ಕೂತವನ ದೇಹದಲ್ಲಿ ಅಳು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಕಂಡುಹಿಡಿಯುವುದು ಕಷ್ಟ. ಅವನ ಬೆನ್ನ ಹಿಂದೆ ಹೊತ್ತು ತರುತ್ತಿರುವ ಮಗನ ಮುಖ ನಮಗೆ ಕಾಣುವುದಿಲ್ಲ, ಕಾಲಷ್ಟೇ ಕಾಣುತ್ತದೆ. ತಂದೆ ಹಿಂತಿರುಗಿ ನೋಡುವುದಿಲ್ಲ.

ಬಲಬದಿಯಲ್ಲಿ ಕಂಬಗಳ ನಡುವೆ ಇಳಿಬಿಟ್ಟ ಪರದೆ, ಅದರ ಮುಂದೆ ಹೆಂಗಸರು. ಬೆಳಕೆಲ್ಲ ಇಲ್ಲಿಗೇ ಬಿದ್ದಿದೆ. ತಾಯಿ ಹೆಣಗಳತ್ತ ಕೈಚಾಚಿದ್ದಾಳೆ. ಒಬ್ಬ ಮಗಳು ಮೂರ್ಛೆ ಹೋಗಿ ಅವಳ ಮೈಮೇಲೆ ಕುಸಿದಿದ್ದಾಳೆ, ಇನ್ನೊಬ್ಬಳು ನೋಡಲಾರದೆ ಕೈ ಅಡ್ಡ ಹಿಡಿದಿದ್ದಾಳೆ. ಈ ಗುಂಪು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತಾಯಿಯ ಚಾಚಿದ ಕೈಯಲ್ಲಿ ರಂಗಸ್ಥಳದ ನಟಿಯ ಭಂಗಿ ಇದೆ. ಮೂರ್ಛೆ ಹೋದ ಹುಡುಗಿ ಅಮೃತಶಿಲೆಯ ಪ್ರತಿಮೆಯಷ್ಟು ನುಣುಪು; ಅಣ್ಣಂದಿರ ಹೆಣ ಕಂಡವಳ ಮೈಗೆ ಆ ಚೆಲುವು ಸಲ್ಲದು. ಆದರೆ ಅವರ ಆಚೆ ಬಲತುದಿಯಲ್ಲಿ ಇನ್ನೊಬ್ಬಳಿದ್ದಾಳೆ. ಮನೆಯ ದಾದಿ. ಸೆರಗಿನಂಥ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದಾಳೆ. ಮುಖವೇ ಇಲ್ಲದ ಈ ಆಳುಹೆಂಗಸಿನ ದುಃಖ ಚಿತ್ರದಲ್ಲಿ ಎಲ್ಲರದಕ್ಕಿಂತ ನಿಜವಾದದ್ದು. ಆ ಮಕ್ಕಳನ್ನು ಎತ್ತಿ ಆಡಿಸಿದವಳು ಅವಳೇ ಇರಬೇಕು.

ಇಷ್ಟು ಹೇಳಿದರೆ ಚಿತ್ರ ಎರಡು ಹೋಳಾಗಿದೆ ಎಂಬುದು ಗೊತ್ತಾಗುತ್ತದೆ: ಎಡಕ್ಕೆ ರಾಜ್ಯ ಮತ್ತು ಕತ್ತಲು, ಬಲಕ್ಕೆ ಮನೆ ಮತ್ತು ಬೆಳಕು, ನಡುವೆ ಆ ಬುಟ್ಟಿ. ಕಣ್ಣಿಗೆ ಒಂದು ನೆಲೆ ಸಿಗುವುದಿಲ್ಲ, ಏಕತೆ ಇಲ್ಲ ಎಂದು ಆಕ್ಷೇಪಿಸಬಹುದು. ಆದರೆ ಈ ಮನೆಯಲ್ಲಿ ಏಕತೆ ಉಳಿಯುವುದಾದರೂ ಹೇಗೆ? ವೀರವನ್ನೂ ಕರುಣವನ್ನೂ ಹದವಾಗಿ ಬೆರೆಸಿ ಒಂದು ಸುಂದರ ಸಮನ್ವಯ ಮಾಡಿದ್ದರೆ ಬ್ರೂಟಸನ ಕೃತ್ಯ ಸುಲಭವಾಗಿಬಿಡುತ್ತಿತ್ತು. ‘ಬ್ರೂಟಸ್’ಗಿಂತ ನಾಲ್ಕು ವರ್ಷ ಹಿಂದೆ, 1785ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಬಂದ ‘ಹೊರೇಷಿಯರ ಪ್ರತಿಜ್ಞೆ’ಯಲ್ಲಿ ದಾವೀದ್ ಹಾಗೆಯೇ ಮಾಡಿದ್ದ. ಅಲ್ಲಿ ತಂದೆ ನಡುವೆ ಕತ್ತಿಗಳನ್ನು ಎತ್ತಿ ಹಿಡಿದು ನಿಂತಿದ್ದಾನೆ, ಮೂವರು ಮಕ್ಕಳು ಅವುಗಳತ್ತ ಕೈಚಾಚಿದ್ದಾರೆ, ಅಳುವ ಹೆಂಗಸರು ಬಲಮೂಲೆಯಲ್ಲಿ ಮುದುಡಿದ್ದಾರೆ. ಅದ್ಭುತ ಚಿತ್ರವೇ, ರೇಖೆಯ ಬಿಗಿಯಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಅಲ್ಲಿ ಯಾರ ಪರ ನಿಲ್ಲಬೇಕೆಂದು ಚಿತ್ರವೇ ನಮಗೆ ಹೇಳಿಕೊಟ್ಟುಬಿಡುತ್ತದೆ. ‘ಬ್ರೂಟಸ್’ ಹೇಳಿಕೊಡುವುದಿಲ್ಲ.

ಅಲ್ಲಿಯವರೆಗಿನ ದಾವೀದನ ದಾರಿ ಸಲೀಸಾಗಿರಲಿಲ್ಲ. ಹುಟ್ಟಿದ್ದು 1748ರಲ್ಲಿ, ಪ್ಯಾರಿಸ್ಸಿನಲ್ಲಿ. ಒಂಬತ್ತು ವರ್ಷದವನಿದ್ದಾಗ ತಂದೆ ದ್ವಂದ್ವಯುದ್ಧದಲ್ಲಿ ಸತ್ತ. ರೋಮಿನಲ್ಲಿ ಓದಲು ಸಿಗುವ ಅಕಾಡೆಮಿಯ ಬಹುಮಾನ ಸತತ ಮೂರು ವರ್ಷ ಕೈತಪ್ಪಿತು. 1772ರಲ್ಲಿ ಸೋತಾಗ ಉಪವಾಸ ಬಿದ್ದು ಸಾಯಲು ಹೊರಟಿದ್ದ. 1774ರಲ್ಲಿ ಕೊನೆಗೂ ಗೆದ್ದು, ಗುರು ವಿಯೆನ್ ಜೊತೆ ರೋಮಿಗೆ ಹೋಗಿ ಐದು ವರ್ಷ ಹಳೆಯ ಶಿಲ್ಪಗಳನ್ನು ನೋಡಿ ನೋಡಿ ಕೈ ತಿದ್ದಿಕೊಂಡ. ‘ಬ್ರೂಟಸ್’ ಬರೆಯುವಾಗ ಅವನಿಗೆ ನಲವತ್ತು. ಮನೆಯಲ್ಲಿ ಹೆಂಡತಿ ಶಾರ್ಲೋತ್, ಇಬ್ಬರು ಗಂಡುಮಕ್ಕಳು, ಅವಳಿ ಹೆಣ್ಣುಮಕ್ಕಳು. ಚಿತ್ರದ ಬ್ರೂಟಸನಿಗೂ ಇಬ್ಬರು ಗಂಡು, ಇಬ್ಬರು ಹೆಣ್ಣು. ಚಿತ್ರವನ್ನು ಚಿತ್ರಕಾರನ ಜಾತಕದಿಂದ ವಿವರಿಸುವುದು ನನಗೆ ಇಷ್ಟವಿಲ್ಲ, ಆದರೂ ಆ ಹೊಲಿಗೆಯ ಬುಟ್ಟಿ ಪುಸ್ತಕದಿಂದ ಬಂದದ್ದೆಂದು ನಂಬಲಾರೆ.

‘ಬ್ರೂಟಸ್’ ಫ್ರೆಂಚ್ ಕ್ರಾಂತಿಗಾಗಿ ಬರೆದ ಚಿತ್ರ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ನಿಜದಲ್ಲಿ ಇದನ್ನು ಬರೆಸಿದ್ದು ಲೂಯಿ ದೊರೆಯ ಕಲಾ ಇಲಾಖೆ. ಕೆಲಸ ಶುರುವಾದಾಗ ಫ್ರಾನ್ಸಿನಲ್ಲಿ ಗಣರಾಜ್ಯದ ಕನಸು ಕಾಣುತ್ತಿದ್ದವರೇ ವಿರಳ. ಆದರೆ ಚಿತ್ರ ಸಲೋನಿಗೆ ಬಂದದ್ದು 1789ರಲ್ಲಿ, ಬಾಸ್ತೀಲ್ ಕೋಟೆ ಬಿದ್ದ ಬೆನ್ನಿಗೇ. ಅಧಿಕಾರಿಗಳಿಗೆ ದಿಗಿಲಿತ್ತು, ದಾವೀದ್ ಬರೆದಿದ್ದ ರಸಾಯನವಿಜ್ಞಾನಿ ಲಾವಾಸಿಯೇ ದಂಪತಿಯ ಭಾವಚಿತ್ರವನ್ನು ಆ ವರ್ಷ ಪ್ರದರ್ಶನಕ್ಕೆ ಇಡಲೇ ಇಲ್ಲ. ‘ಬ್ರೂಟಸ್’ ಗೋಡೆಗೇರಿತು, ಜನ ಅದರಲ್ಲಿ ತಮಗೆ ಬೇಕಾದದ್ದನ್ನು ಕಂಡರು. 1790ರ ನವೆಂಬರಿನಲ್ಲಿ ವೋಲ್ತೇರನ ‘ಬ್ರೂಟಸ್’ ನಾಟಕ ಮತ್ತೆ ರಂಗಕ್ಕೆ ಬಂದಾಗ, ಕೊನೆಯ ದೃಶ್ಯದಲ್ಲಿ ನಟರು ದಾವೀದನ ಚಿತ್ರದಂತೆಯೇ ನಿಂತು ತೋರಿಸಿದರು. ಅಷ್ಟರಲ್ಲಿ ಸಂದಿಗ್ಧವೆಲ್ಲ ಮಾಯವಾಗಿ ಅದೊಂದು ಘೋಷಣೆಯಾಗಿತ್ತು.

ಜನರಿಗಿಂತ ಹೆಚ್ಚಾಗಿ ಆ ಘೋಷಣೆಯನ್ನು ನಂಬಿದವನು ದಾವೀದನೇ. 1792ರಲ್ಲಿ ಅವನು ರಾಷ್ಟ್ರೀಯ ಸಭೆಗೆ ಆರಿಸಿ ಬಂದ. 1793ರ ಜನವರಿಯಲ್ಲಿ ದೊರೆಯ ಮರಣದಂಡನೆಯ ಪರ ಮತ ಹಾಕಿದ. ಭೀತಿಯ ಆಳ್ವಿಕೆಯ ಪೊಲೀಸು ವ್ಯವಹಾರ ನೋಡಿಕೊಳ್ಳುತ್ತಿದ್ದ ಭದ್ರತಾ ಸಮಿತಿಯ ಸದಸ್ಯನಾಗಿ ನೂರಾರು ಬಂಧನದ ಆಜ್ಞೆಗಳಿಗೆ ಸಹಿ ಮಾಡಿದ. 1794ರ ಮೇ ತಿಂಗಳಲ್ಲಿ ಲಾವಾಸಿಯೇ ಗಿಲೊಟಿನ್ನಿಗೆ ಹೋದಾಗಲೂ ಅವನು ಆ ಸಮಿತಿಯಲ್ಲೇ ಇದ್ದ. ಲಾವಾಸಿಯೇಯ ಹೆಂಡತಿ ಅವನಲ್ಲೇ ಚಿತ್ರ ಕಲಿತವಳು. ಅದೇ ವರ್ಷ ಶಾರ್ಲೋತ್ ಅವನಿಗೆ ವಿಚ್ಛೇದನ ಕೊಟ್ಟಳು. ರಾಜ್ಯಕ್ಕಾಗಿ ಮನೆಯನ್ನು ಬಲಿಕೊಟ್ಟರೆ ಏನಾಗುತ್ತದೆಂದು ಐದು ವರ್ಷ ಹಿಂದೆ ತನ್ನ ಕೈಯಾರೆ ಬರೆದು ತೋರಿಸಿದವನು ಅದನ್ನು ಮರೆತ. ಇದು ನನ್ನನ್ನು ಈಗಲೂ ಕಲಕುತ್ತದೆ. ಕುಂಚಕ್ಕೆ ಗೊತ್ತಿದ್ದದ್ದು ಮನುಷ್ಯನಿಗೆ ದಕ್ಕಲಿಲ್ಲ.

ಈ ಕಾಲದ ಅವನ ದೊಡ್ಡ ಚಿತ್ರ ‘ಮಾರಾನ ಮರಣ’, 1793ರದು. ಸ್ನಾನದ ತೊಟ್ಟಿಯಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಕ್ರಾಂತಿಕಾರಿ, ಜೋತುಬಿದ್ದ ತೋಳು, ಮರದ ಪೆಟ್ಟಿಗೆಯ ಮೇಲೆ ದಾವೀದನ ಅರ್ಪಣೆಯ ಅಕ್ಷರ. ಕ್ಯಾನ್ವಾಸಿನ ಮೇಲರ್ಧ ಬರಿದೇ ಬಿಟ್ಟ ಆ ಧೈರ್ಯಕ್ಕೆ ತಲೆಬಾಗಲೇಬೇಕು. ಬಹಳ ಜನ ಅದನ್ನೇ ಅವನ ಶ್ರೇಷ್ಠ ಕೃತಿ ಎನ್ನುತ್ತಾರೆ. ಕಸುಬಿನ ದೃಷ್ಟಿಯಿಂದ ಒಪ್ಪುತ್ತೇನೆ. ಆದರೆ ಆ ಕೋಣೆಯಲ್ಲಿ ಅಳುವವರು ಯಾರೂ ಇಲ್ಲ. ಮಾರಾನ ಪತ್ರಿಕೆಯ ಮಾತಿಗೆ ತಲೆ ಕೊಟ್ಟವರ ಮನೆಗಳಂತೂ ಇಲ್ಲವೇ ಇಲ್ಲ. ದಾವೀದ್ ‘ಬ್ರೂಟಸ್’ ಚಿತ್ರದ ಬಲಭಾಗವನ್ನು ಕತ್ತರಿಸಿ ಬಿಸಾಡಿದಂತಿದೆ. ಉಳಿದದ್ದು ಹುತಾತ್ಮ, ಮತ್ತು ಅವನಿಗೆ ಕೈಮುಗಿಯಿರೆಂಬ ಆಜ್ಞೆ.

ಭೀತಿಯ ಆಳ್ವಿಕೆಯ ಮುಖಂಡ ರೋಬೆಸ್ಪಿಯೇರ್ ಬಿದ್ದ ಮೇಲೆ ದಾವೀದ್ ಸೆರೆಮನೆ ಸೇರಿದ. ಬಿಟ್ಟುಹೋಗಿದ್ದ ಹೆಂಡತಿ ಅಲ್ಲಿಗೆ ನೋಡಲು ಬಂದಳು. 1796ರಲ್ಲಿ ಇಬ್ಬರೂ ಮತ್ತೆ ಮದುವೆಯಾದರು. ಸೆರೆಯಲ್ಲೇ ಹೊಳೆದ ‘ಸಬೈನ್ ಹೆಂಗಸರು’ 1799ರಲ್ಲಿ ಮುಗಿಯಿತು. ಇಲ್ಲಿ ನಡುವೆ ನಿಂತವಳು ಹೆಂಗಸೇ. ಕಾದಾಟಕ್ಕೆ ನಿಂತ ಗಂಡ ಮತ್ತು ತಂದೆಯ ನಡುವೆ ಹರ್ಸೀಲಿಯಾ ಎರಡೂ ತೋಳು ಚಾಚಿ ಅಡ್ಡ ನಿಂತಿದ್ದಾಳೆ, ಕಾಲಬುಡದಲ್ಲಿ ಮಕ್ಕಳು ಹರಿದಾಡುತ್ತಿವೆ. ಲೂವ್ರ್‌ನ ಒಂದು ಹಜಾರದಲ್ಲಿ ಟಿಕೆಟ್ಟು ಇಟ್ಟು, ಎದುರಿಗೆ ದೊಡ್ಡ ಕನ್ನಡಿ ನಿಲ್ಲಿಸಿ ಅವನು ಅದನ್ನು ಐದಾರು ವರ್ಷ ತೋರಿಸಿದ. ಆಶಯ ಉದಾತ್ತ, ಅದು ಬಂದ ನೋವು ನಿಜ. ಚಿತ್ರ ಮಾತ್ರ ಸೋಲುತ್ತದೆ. ಬತ್ತಲೆ ಯೋಧರು ಶಿಲ್ಪಶಾಲೆಯ ಮಾದರಿಗಳಂತೆ ನಿಂತಿದ್ದಾರೆ. ಅವರ ಈಟಿಗಳಿಗೆ ಯಾರನ್ನೂ ಕೊಲ್ಲುವ ಇರಾದೆ ಇಲ್ಲ. ಕೊಲ್ಲುವವರು ನಿಜವಾಗದಿದ್ದರೆ ತಡೆಯುವವಳ ಧೈರ್ಯಕ್ಕೆ ಬೆಲೆ ಬರುವುದೆಲ್ಲಿಂದ?

ಅಲ್ಲಿಂದಾಚೆಗೆ ನೆಪೋಲಿಯನ್: ಆಲ್ಪ್ಸ್ ದಾಟುವ ಕುದುರೆ, 1807ರಲ್ಲಿ ಮುಗಿದ ಒಂಬತ್ತು ಮೀಟರಿಗೂ ಮಿಕ್ಕಿ ಅಗಲದ ‘ಪಟ್ಟಾಭಿಷೇಕ’. ರೇಷ್ಮೆ, ಮಖಮಲ್ಲು, ಬೆಳಕು, ಎಲ್ಲಕ್ಕೂ ಪಳಗಿದ ಕೈ. ದೊರೆಯನ್ನು ಕೊಂದ ಮತಗಳಲ್ಲಿ ಒಂದನ್ನು ಹಾಕಿದವನು ಚಕ್ರವರ್ತಿಯ ಕಿರೀಟಕ್ಕೆ ಬಣ್ಣ ತುಂಬುವಾಗ ಕ್ಯಾನ್ವಾಸಿನಲ್ಲಿ ಎಲ್ಲೂ ಒಂದು ಅಳುಕು ಕಾಣುವುದಿಲ್ಲ. ನೆಪೋಲಿಯನ್ ಬಿದ್ದ ಮೇಲೆ, 1816ರಲ್ಲಿ, ಆ ಹಳೆಯ ಮತಕ್ಕಾಗಿಯೇ ಗಡೀಪಾರಾಗಿ ಬ್ರಸೆಲ್ಸ್ ಸೇರಿದ. 1825ರ ಡಿಸೆಂಬರಿನಲ್ಲಿ ಅಲ್ಲೇ ಸತ್ತ. ಫ್ರಾನ್ಸ್ ಅವನ ಹೆಣವನ್ನೂ ಒಳಗೆ ಬಿಡಲಿಲ್ಲ.

ಅವನ ಶಿಷ್ಯರು ಯುರೋಪಿನಲ್ಲೆಲ್ಲ ಹಬ್ಬಿದರು. ಶಿಲ್ಪದಂಥ ಮೈ, ಚೊಕ್ಕ ರೇಖೆ, ಒರೆಸಿದಂಥ ನುಣುಪು, ಇವನ್ನೆಲ್ಲ ಗುರುವಿನಿಂದ ಕಲಿತರು. ಆ್ಯಂಗ್ರನಂಥವನು ರೇಖೆಯಲ್ಲಿ ಗುರುವನ್ನೂ ಮೀರಿಸಿದ. ನವಶಾಸ್ತ್ರೀಯ ಶೈಲಿ ಎಂದರೆ ಇಷ್ಟೇ ಎಂದು ಬೇಸರಪಟ್ಟು ಮುಖ ತಿರುಗಿಸುವವರ ಮುಂದೆ ನಾನು ಇಡುವುದು ‘ಬ್ರೂಟಸ್’ ಒಂದನ್ನೇ. ಅಲ್ಲಿ ಶೈಲಿಯ ಕಟ್ಟುನಿಟ್ಟು ಅಲಂಕಾರವಲ್ಲ, ಆ ಮನುಷ್ಯ ತನ್ನ ಮೇಲೆ ತಾನೇ ಹೇರಿಕೊಂಡ ಕಟ್ಟು. ಅದು ಎಷ್ಟು ನೋಯಿಸುತ್ತಿದೆ ಎಂಬುದನ್ನು ಮಡಚಿದ ಆ ಕಾಲ್ಬೆರಳುಗಳು ಹೇಳುತ್ತವೆ.