ಮೋಡದಾಚೆಯ ಕಿನ್ನರರಿಗೆ ನಾಮಕರಣ

1989ರ ಜುಲೈ 6ರ ರಾತ್ರಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ಮತ್ತು ಅವರ ವಿದ್ಯಾರ್ಥಿಗಳು ಮಂದ ಬೆಳಕಿನಲ್ಲೂ ಚಿತ್ರ ಹಿಡಿಯುವ ಕ್ಯಾಮೆರಾವೊಂದನ್ನು ಪರೀಕ್ಷಿಸುತ್ತಿದ್ದರು. ರಾಕೆಟ್ ಪ್ರಯೋಗಕ್ಕೆಂದು ಸಿದ್ಧಪಡಿಸುತ್ತಿದ್ದ ಕ್ಯಾಮೆರಾ ಅದು. ಆಮೇಲೆ ಟೇಪು ನೋಡಿದರೆ, ದೂರದ ಗುಡುಗುಮೋಡದ ನೆತ್ತಿಗಿಂತ ಎಷ್ಟೋ ಮೇಲೆ ಜೋಡಿ ಬೆಳಕಿನ ಕಂಬಗಳು! ರೆಪ್ಪೆ ಬಡಿಯುವಷ್ಟು ಹೊತ್ತೂ ಇರಲಿಲ್ಲ. ಇಂಥದ್ದನ್ನು ಕಂಡೆವೆಂದು ವಿಮಾನ ಚಾಲಕರು ಮೊದಲೂ ಹೇಳಿದ್ದುಂಟು, ನಂಬಿದವರು ಕಡಿಮೆ. 1920ರ ದಶಕದಲ್ಲೇ ಸಿ.ಟಿ.ಆರ್. ವಿಲ್ಸನ್ ಹೀಗಾಗಬಹುದೆಂದು ಲೆಕ್ಕ ಹಾಕಿ ಹೇಳಿದ್ದರು.

ಸಾಕ್ಷಿ ಸಿಕ್ಕಿತು, ಹೆಸರಿರಲಿಲ್ಲ. ಮೇಲ್ಮುಖ ಮಿಂಚು ಎಂದರು. ಮೋಡದಿಂದ ಅಯಾನುಗೋಳಕ್ಕೆ ಹಾಯುವ ಮಿಂಚು ಎಂದರು. ಅಲಾಸ್ಕ ವಿಶ್ವವಿದ್ಯಾಲಯದ ಡೇವಿಸ್ ಸೆಂಟ್‌ಮನ್ ಅವರಿಗೆ ಇವು ಹಿಡಿಸಲಿಲ್ಲ. ಅದು ಮಿಂಚೇ ಹೌದೋ, ಮೇಲಕ್ಕೇ ಹೋಗುತ್ತದೋ ತಿಳಿಯುವ ಮೊದಲೇ ಹೆಸರು ತೀರ್ಪು ಕೊಟ್ಟುಬಿಡಬಾರದು ಎಂಬುದು ಅವರ ಹಟ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಸುಳಿದು ಮಾಯವಾಗುವ ಪಕ್, ಏರಿಯಲ್‌ರಂಥ ಗಾಳಿಜೀವಗಳ ನೆನಪಿನಲ್ಲಿ ಅವರು ಆರಿಸಿದ ಹೆಸರು ‘ಸ್ಪ್ರೈಟ್’. ನಮ್ಮ ಕಿವಿಗೆ ಇದು ಅಂಗಡಿಯ ತಂಪು ಪಾನೀಯದ ಬಾಟಲಿ, ಅದು ಬೇರೆ ಮಾತು. ಕಿನ್ನರ ಅಂದುಕೊಂಡರೆ ಸರಿಹೋದೀತು.

ವೇಗದ ಕ್ಯಾಮೆರಾಗಳು ಬಂದ ಮೇಲೆ ಈ ಹಟದ ಬೆಲೆ ಗೊತ್ತಾಯಿತು. ಸ್ಪ್ರೈಟ್ ಮೋಡದಿಂದ ಹೊರಟು ಮೇಲೇರುವುದೇ ಇಲ್ಲ. ಕೆಳಗೆ ನೆಲಕ್ಕೊಂದು ಪ್ರಬಲ ಮಿಂಚು ಬಡಿದಾಗ ಸುಮಾರು 70–80 ಕಿಲೋಮೀಟರ್ ಎತ್ತರದಲ್ಲಿ ಹುಟ್ಟಿ, ಮೊದಲು ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಆಮೇಲೆ ಮೇಲಕ್ಕೂ ಕವಲೊಡೆಯುತ್ತದೆ. ‘ಮೇಲ್ಮುಖ ಮಿಂಚು’ ಎಂಬ ಹೆಸರು ನಿಂತಿದ್ದರೆ ಇವತ್ತಿಗೂ ಸುಳ್ಳು ಹೇಳುತ್ತ ಕೂತಿರುತ್ತಿತ್ತು. 1994ರಲ್ಲಿ ವಿಮಾನದಿಂದ ಬಣ್ಣದ ಚಿತ್ರ ತೆಗೆದಾಗ ಅದರ ಕೆಂಪು ಕಂಡಿತು. ಅದು ಸಾರಜನಕದ ಅಣುಗಳ ಕೆಂಪು, ಕೆಳಗಿನ ಬಿಳಲುಗಳಲ್ಲಿ ನೀಲಿಗೆ ತಿರುಗುತ್ತದೆ. ಅವುಗಳ ಆಕಾರ ನೋಡಿ ವಿಜ್ಞಾನಿಗಳು ಮಾಡಿದ ವಿಂಗಡಣೆ ಇನ್ನೂ ಸೊಗಸು: ಕಂಬ, ಕ್ಯಾರೆಟ್, ಜೆಲ್ಲಿ ಮೀನು. ಭೌತವಿಜ್ಞಾನದ ಗಂಭೀರ ಪ್ರಬಂಧದ ನಡುವೆ ತರಕಾರಿಯ ಹೆಸರು ಸಿಕ್ಕಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ಇದೇ ಬಳಗದ ‘ಎಲ್ವ್ಸ್’ ಮಾತ್ರ ನೋಡಲೇಬೇಕಾದದ್ದು, ಆದರೆ ನೋಡಲಾಗದ್ದು. ಮಿಂಚಿನಿಂದ ಹೊಮ್ಮಿದ ವಿದ್ಯುತ್ಕಾಂತೀಯ ಅಲೆ ಅಯಾನುಗೋಳದ ತಳಕ್ಕೆ ತಾಗಿದಾಗ ಅಲ್ಲೊಂದು ಬೆಳಕಿನ ಉಂಗುರ ಹಬ್ಬುತ್ತದೆ. ಅಡ್ಡಳತೆ 400 ಕಿಲೋಮೀಟರಿನವರೆಗೆ, ಆಯುಷ್ಯ ಸುಮಾರು ಒಂದು ಮಿಲಿಸೆಕೆಂಡ್. ನೇರ ನೆತ್ತಿಯ ಕಡೆಗೆ ಅಲೆಯ ಕಸುವು ಕಡಿಮೆಯಾದ್ದರಿಂದ ನಡುವೆ ಕತ್ತಲೆ ಉಳಿಯುತ್ತದೆ, ಉದ್ದಿನವಡೆಯ ತೂತಿನ ಹಾಗೆ. ರೂಪ ಇಷ್ಟು ಚೆಂದ, ಹೆಸರು ಮಾತ್ರ ತಿಣುಕಿ ಮಾಡಿದ್ದು. ಉದ್ದನೆಯ ತಾಂತ್ರಿಕ ವಾಕ್ಯವೊಂದರ ಮೊದಲಕ್ಷರಗಳನ್ನು ಎಳೆದಾಡಿ ಕಿನ್ನರರ ಹೆಸರು ಬರುವಂತೆ ಹೊಂದಿಸಿದ್ದಾರೆ. ಟ್ರೋಲ್, ಘೋಸ್ಟ್ ಎಂಬುವೂ ಹೀಗೇ ಕೂಡಿಸಿದವು. ಮೊದಲನೆಯವನು ತಮಾಷೆ ಮಾಡಿದ. ಉಳಿದವರು ತಮಾಷೆಗೂ ವಿವರಣೆ ಬರೆದರು.

ನಮ್ಮ ‘ಕೊಳ್ಳಿದೆವ್ವ’ವನ್ನು ಇಲ್ಲಿ ನೆನೆಯಬೇಕು. ಅದರ ಅರ್ಧ ಭಾಗ ಕಣ್ಣಿನದು, ಇನ್ನರ್ಧ ಭಯದ್ದು. ಕತ್ತಲಲ್ಲಿ ಕೊಳ್ಳಿಯಂಥ ಬೆಳಕು ಕಂಡದ್ದು ನಿಜ. ಹಿಡಿದವನು ಯಾರೆಂಬುದು ಊಹೆ. ಸೆಂಟ್‌ಮನ್ ದೆವ್ವಲೋಕದಿಂದಲೇ ಹೆಸರು ತಂದರೂ ಯಾರ ಮೇಲೂ ಆಪಾದನೆ ಹೊರಿಸಲಿಲ್ಲ.

ಈ ಕಲೆಯಲ್ಲಿ ಅವರನ್ನೂ ಮೀರಿಸಿದವರು ಕೆನಡಾದ ಆಲ್ಬರ್ಟಾದಲ್ಲಿ ಧ್ರುವಪ್ರಭೆಯ ಬೆನ್ನು ಹತ್ತಿ ಚಿತ್ರ ತೆಗೆಯುವ ಹವ್ಯಾಸಿಗಳು. ಪೂರ್ವ–ಪಶ್ಚಿಮಕ್ಕೆ ಸೆಳೆದಂತಿರುವ ನೇರಳೆ ಪಟ್ಟಿಯೊಂದನ್ನು ಅವರು ‘ಪ್ರೋಟಾನ್ ಕಮಾನು’ ಎನ್ನುತ್ತಿದ್ದರು. ಪ್ರೋಟಾನಿನಿಂದಾಗುವ ಪ್ರಭೆ ಹೀಗೆ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಕ್ಯಾಲ್ಗರಿಯ ವಿಜ್ಞಾನಿ ಎರಿಕ್ ಡೋನೊವನ್ ಹೇಳಿದರು. ಹಳೆಯ ಹೆಸರು ಬಿದ್ದುಹೋಯಿತು. 2016ರಲ್ಲಿ ಹವ್ಯಾಸಿಗಳಿಟ್ಟ ಹೊಸ ಹೆಸರು ‘ಸ್ಟೀವ್’! ‘ಓವರ್ ದ ಹೆಡ್ಜ್’ ಎಂಬ ಅನಿಮೇಷನ್ ಚಿತ್ರದಲ್ಲಿ ಕಾಡುಪ್ರಾಣಿಗಳು ಎಂದೂ ಕಾಣದ ಬೇಲಿಯೊಂದನ್ನು ಕಂಡು ಹೆದರಿ, ಹೆದರಿಕೆ ತಗ್ಗಲೆಂದು ಅದಕ್ಕೆ ಸ್ಟೀವ್ ಎನ್ನುತ್ತವೆ, ಅಲ್ಲಿಂದ ಎತ್ತಿದ್ದು.

ಮುಂದೆ ‘ಸ್ವಾರ್ಮ್’ ಉಪಗ್ರಹವೊಂದು ಆ ಪಟ್ಟಿಯನ್ನು ಹಾದುಹೋದಾಗ ಅಲ್ಲಿನ ತಾಪ 3,000 ಡಿಗ್ರಿಯಷ್ಟು ಜಿಗಿದಿತ್ತು. ಸುಮಾರು 25 ಕಿಲೋಮೀಟರ್ ಅಗಲದ ಅನಿಲದ ಹೊನಲು ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ನುಗ್ಗುತ್ತಿತ್ತು. ವಿಜ್ಞಾನಿಗಳು ಚಾಳಿ ಬಿಡಲಿಲ್ಲ, ಸ್ಟೀವ್‌ನ ಅಕ್ಷರಗಳಿಗೂ ಒಂದು ತಾಂತ್ರಿಕ ವಿಸ್ತರಣೆ ಹೊಸೆದರು. ಆ ನೇರಳೆ ಬೆಳಕನ್ನು ಸೂಸುವುದು ನಿಖರವಾಗಿ ಯಾವುದೆಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ. ಅದು ಹೇಗೆ ಮುಗಿದರೂ ಸ್ಟೀವ್ ಹೆಸರು ಬದಲಿಸಿಕೊಳ್ಳಬೇಕಾಗಿಲ್ಲ.